ಒಳಗಿಟ್ಟ ಕೊಡಗಳು

ನಿವೃತ್ತಿಯಾದ ಮೇಲೆ ನನಗೊಂದು ಹೊಸ ಚಟ ಅಂಟಿಕೊಂಡಿತು. ಬೆಳಗಿನ ಜಾವ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ ಎನ್ನುವ ಹೊತ್ತಿನಲ್ಲಿ ಹೊಳೆಯ ಸದ್ದು ಕೇಳುತ್ತ ಮಲಗಿರುವುದು. ಯಲಬುರ್ಗಾದಲ್ಲಿ ಎಲ್ಲಿಯ ಹೊಳೆ? ತಾಲೂಕು ಕಚೇರಿಯ ಹಿಂದಿನ ಗಲ್ಲಿ, ಎರಡು ಕೋಣೆಯ ಬಾಡಿಗೆ ಮನೆ, ಊರ ಸುತ್ತ ಎರೆಹೊಲ. ಆದರೂ ಕೇಳುತ್ತಿತ್ತು. ಬಂಡೆಗಳ ಸಂದಿಯಲ್ಲಿ ನೀರು ನುಸುಳುವ ಸದ್ದು, ಹರಿಗೋಲಿನ ತಳಕ್ಕೆ ತಟ್ಟುವ ಸದ್ದು. ಕಣ್ಣು ತೆರೆದರೆ ಅದು ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ತಟ್ಟುವ ಸದ್ದಾಗಿರುತ್ತಿತ್ತು.

ಆ ಹೊಳೆ ನನ್ನೊಳಗೆ ಹೊಕ್ಕಿದ್ದು ಇಪ್ಪತ್ಮೂರನೆಯ ವಯಸ್ಸಿನಲ್ಲಿ. ಗುಮಾಸ್ತೆಯಾಗಿ ಮೊದಲು ಸೇರಿದ್ದು ಗಂಗಾವತಿಯಲ್ಲಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಆನೆಗೊಂದಿಗೆ ಹೋಗುವುದು, ಬಂಡೆಯ ಮೇಲೆ ಕೂರುವುದು, ಸಂಜೆಯ ಬಸ್ಸಿಗೆ ವಾಪಸು. ಅಲ್ಲಿ ನನಗೆ ನಂಟರಿರಲಿಲ್ಲ, ಕೆಲಸವಿರಲಿಲ್ಲ. ಸುಮ್ಮನೆ ನೀರು ನೋಡುತ್ತಿದ್ದೆ. ಎರಡು ವರ್ಷದ ಮೇಲೆ ಕುಷ್ಟಗಿಗೆ ವರ್ಗವಾಯಿತು, ಆಮೇಲೆ ಯಲಬುರ್ಗಾ. ಉಳಿದ ನೌಕರಿಯೆಲ್ಲ ಒಣ ಊರುಗಳಲ್ಲೇ ಮುಗಿಯಿತು. ಮದುವೆ ಆಗಲಿಲ್ಲ. ಅದರ ಚಿಂತೆ ನನಗಿಲ್ಲ, ಕೇಳುವವರಿಗಿದೆ. ವಯಸ್ಸಾದ ಮೇಲೆ ಆನೆಗೊಂದಿಗೆ ಹೋಗಿ ಇರಬೇಕು ಎಂಬ ಆಸೆಯೊಂದನ್ನು ಮಾತ್ರ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡ ಹಾಗೆ ಇಟ್ಟುಕೊಂಡು ಬಂದಿದ್ದೆ.

ಆದರೆ ನಾನು ಒಬ್ಬಳಲ್ಲ, ಜೊತೆಗೆ ಅಕ್ಕ ಇದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು. ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು; ನನ್ನ ತಲೆ ಬಾಚಿ, ಕೈಹಿಡಿದು ಸಾಲೆಗೆ ಕಳಿಸಿದವಳು ಅಕ್ಕ. ಅವಳ ಗಂಡ ಹೋದ ಮೇಲೆ ಒಂದು ಟ್ರಂಕು, ಎರಡು ತಾಮ್ರದ ಕೊಡ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅದಾಗಿ ಮೂವತ್ತು ವರ್ಷ. ಈಗ ಅವಳಿಗೆ ಎಪ್ಪತ್ತು, ನನಗೆ ಅರವತ್ತೆರಡು. ಆದರೂ ನಾನಿನ್ನೂ ಅವಳಿಗೆ ಹುಡುಗಿಯೇ.

"ಅಕ್ಕಾ, ಆನೆಗೊಂದಿಗೆ ಹೋಗಿ ಇರೂನೇನ?" ಎಂದು ಕೇಳಿದೆ ಒಂದು ದಿನ.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗ, ಹುಡುಗಿ. ಅಲ್ಲೀ ಬೆಟ್ಟದಾಗ ಬರೇ ಕಲ್ಲ ಅದಾವಂತ ನೀನ ಹೇಳಿದ್ದಿ."

"ಚ್ಯಾಷ್ಟಿ ಸಾಕ. ಬರತೀಯೋ ಇಲ್ಲೋ, ಅದನ್ನ ಹೇಳ."

"ನನಗೇನೈತಿ? ನೀ ಎಲ್ಲಿ ಅಂತಿ ಅಲ್ಲಿ."

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರುತ್ತೇನೆ ಅನ್ನಲಿ, ಇಲ್ಲವೇ ಬರುವುದಿಲ್ಲ ಅನ್ನಲಿ. ಅವಳನ್ನು ಬಿಟ್ಟು ನಾನು ಹೋಗಲಾರೆ. ಮನಸ್ಸಿಲ್ಲದವಳನ್ನು ಎಳೆದುಕೊಂಡೂ ಹೋಗಲಾರೆ. ನನಗೆ ಬೇಕಾಗಿದ್ದು ಅವಳ ಬಾಯಿಂದ ಒಂದು "ಹೂಂ". ವರ್ಷವಿಡೀ ಕಾದರೂ ಅದು ಬರಲಿಲ್ಲ.

ನಮ್ಮ ಗಲ್ಲಿಯ ಒಂದು ರಿವಾಜು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಲ್ಲಿಯ ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ; ಅದಕ್ಕೇ ನಳ ಬಂತು ಅನ್ನುವುದು. ಮದುವೆಯಿರಲಿ, ಜ್ವರವಿರಲಿ, ನಳ ಬಂದ ದಿನ ಅದೇ ದೊಡ್ಡ ಕೆಲಸ. ಯಾರಾದರೂ ಊರಿಗೆ ಹೋಗುವುದಿದ್ದರೆ ಖಾಲಿ ಕೊಡಗಳನ್ನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಪಾಳಿ ಬಂದಾಗ ಅಕ್ಕಪಕ್ಕದವರು ತುಂಬಿಸಿಡುತ್ತಾರೆ. ಹೇಳುವುದಿಲ್ಲ, ಕೇಳುವುದಿಲ್ಲ, ಉಪಕಾರವಾಯಿತು ಎಂದು ಬಾಯಿಬಿಟ್ಟು ಅಂದರೆ ಎದುರಿನವರ ಮುಖ ಸಣ್ಣದಾಗುತ್ತದೆ. ಕೊಡ ಒಳಗಿಟ್ಟು ಕೀಲಿ ಹಾಕಿಕೊಂಡು ಹೋದರೆ ಎರಡೇ ಅರ್ಥ. ಒಂದೋ ಮನೆ ಖಾಲಿ ಮಾಡಿದ್ದಾರೆ, ಇಲ್ಲವೇ ಗಲ್ಲಿಯವರ ಜೊತೆ ಮಾತು ಬಿಟ್ಟಿದ್ದಾರೆ.

ಹೋದ ದೀಪಾವಳಿ ಕಳೆದ ಮೇಲೆ, ಹದಿನೈದು ದಿನ ಇದ್ದು ನೋಡೋಣವೆಂದು ಅಕ್ಕನನ್ನು ಹೊರಡಿಸಿದೆ. ಆನೆಗೊಂದಿಯಲ್ಲಿ ಬಾಳೆನಾರಿನ ಬುಟ್ಟಿ ಹೆಣೆಯುವ ಒಬ್ಬ ಹೆಂಗಸಿನ ಮನೆಯಲ್ಲಿ ಹಿಂದಿನ ಕೋಣೆ ಖಾಲಿಯಿತ್ತು. ಆಟೋ ಬಂತು. ಅಕ್ಕ ಕೈಚೀಲ ಹಿಡಿದು ಹೋಗಿ ಕೂತಳು. ಕಟ್ಟೆಯ ಮೇಲೆ ಅವಳು ಆಗಲೇ ನಮ್ಮ ಕೊಡಗಳನ್ನು ಸಾಲಾಗಿ ಇಟ್ಟಿದ್ದಳು. ನಾನು ಅವನ್ನು ಒಂದೊಂದಾಗಿ ಎತ್ತಿ ಒಳಗಿಟ್ಟು ಕೀಲಿ ಹಾಕಿದೆ. ಯಾಕೆ ಹಾಗೆ ಮಾಡಿದೆ? ಬಿಟ್ಟುಹೋಗುವ ಊರಿನ ಋಣ ಇನ್ನಷ್ಟು ಬೇಡ ಅನ್ನಿಸಿತು, ಅಷ್ಟೇ. ಅಕ್ಕ ಆಟೋದೊಳಗಿದ್ದಳು, ನೋಡಿಲ್ಲ ಎಂದುಕೊಂಡೆ.

ಆನೆಗೊಂದಿಯ ಮೊದಲ ಬೆಳಗು. ಮಬ್ಬು ಬೆಳಕಿನಲ್ಲಿ ಅಕ್ಕ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಏ, ನಳ ಬಂತು! ಏಳ, ಏಳ!" ನಾನೂ ನಿದ್ದೆಗಣ್ಣಲ್ಲಿ ದಡಬಡಿಸಿ ಎದ್ದೆ. ಹಿತ್ತಲ ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು. ಇಬ್ಬರೂ ಸೇರಿ ಬಕೆಟ್ಟು ತುಂಬಿದೆವು, ಪಾತೆಲಿ ತುಂಬಿದೆವು, ಚರಿಗೆ, ಲೋಟ, ಹಿಟ್ಟು ನಾದುವ ಪರಾತ, ಕೊನೆಗೆ ಆ ಮನೆಯವಳ ಮಜ್ಜಿಗೆ ಗಡಿಗೆಯನ್ನೂ ತೊಳೆದು ತುಂಬಿಸಿದೆವು. ಮನೆಯವಳು ಎದ್ದು ಬಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೀರ ಎಲ್ಲಿ ಹೋಗತೈತ್ರಿ ಅಮ್ಮಾ? ದಿನಾ ಬರತೈತಿ. ಹಿಂದ ಹೊಳೀನ ಐತಲ್ರಿ!"

ಅಕ್ಕ ನಾಚಿ ಕೆಂಪಾದಳು. ಆದರೂ ಅಭ್ಯಾಸ ಬಿಡಲಿಲ್ಲ. ಅಕ್ಕಿ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು, ಕಾಲುವೆ ನೀರಿನಲ್ಲಿ ಪಾದ ಮುಳುಗಿಸಿ ನಿಂತ ಬಾಳೆಗೆ ಹಾಕಿ ಬರುತ್ತಿದ್ದಳು. "ಆ ಬಾಳಿಗೆ ನೆಗಡಿ ಆಗತೈತಿ ಬಿಡಬೇ," ಎಂದು ನಾನು ಚೇಷ್ಟೆ ಮಾಡಿದರೆ, "ಹೊಳಿಗೆ ಸುರಿದರೂ ಅಳದು ಸುರಿ ಅಂದಾರ ಹಿರ್‍ಯಾರು," ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಆ ದಿನಗಳನ್ನು ಈಗ ನೆನೆದರೆ ಅವು ನಡೆದವೋ, ನಾನು ಕಂಡ ಕನಸೋ ಎನ್ನಿಸುತ್ತದೆ. ಭತ್ತದ ಕೊಯ್ಲು ಶುರುವಾಗಿತ್ತು. ಗಾಳಿಯಲ್ಲಿ ಹಸಿ ಹುಲ್ಲಿನ ವಾಸನೆ. ಮಧ್ಯಾಹ್ನ ಬಂಡೆಗಳು ಕಾದು, ಸಂಜೆ ಮೆಲ್ಲಗೆ ತಣಿಯುತ್ತಿದ್ದವು. ಅವಕ್ಕೆ ಬೆನ್ನು ಕೊಟ್ಟು ಕೂತರೆ ಬಿಸಿ ಮೈಯೊಳಗೆ ಇಳಿದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಒಂದು ಹರಿಗೋಲು ಆ ದಡದಿಂದ ಈ ದಡಕ್ಕೆ ತಿರುತಿರುಗುತ್ತ ಬರುತ್ತಿತ್ತು. ಇಪ್ಪತ್ಮೂರರ ನಾನು ಅದರಲ್ಲಿ ಕೂತು ಬರುತ್ತಿದ್ದೇನೆ, ಅರವತ್ತೆರಡರ ನಾನು ದಡದಲ್ಲಿ ಕಾಯುತ್ತಿದ್ದೇನೆ ಅನ್ನಿಸುತ್ತಿತ್ತು. ಅಕ್ಕ ಹೊಳೆಯ ಮೆಟ್ಟಿಲ ಮೇಲೆ ಕೂತು, ನೋಯುವ ಮೊಣಕಾಲಿನವರೆಗೂ ಕಾಲನ್ನು ನೀರಿನಲ್ಲಿ ಇಳಿಬಿಟ್ಟಿರುತ್ತಿದ್ದಳು. ನಾನು ಸುಖವಾಗಿದ್ದೆ. ಇಷ್ಟು ಸುಖವಾಗಿ ಎಂದೂ ಇರಲಿಲ್ಲ.

ಹೊರಡುವ ಹಿಂದಿನ ಸಂಜೆ ಮತ್ತೆ ಕೇಳಿದೆ. "ಹ್ಯಾಂಗ ಐತಿ ಇಲ್ಲಿ?"

"ಭಾಳ ಛಲೋ ಐತಿ. ಮೊಣಕಾಲಿಗೂ ಹಗುರ ಆಗೈತಿ."

"ಮತ್ತ? ಇಲ್ಲೇ ಇದ್ದುಬಿಡೂನು?"

"ನನಗೇನೈತಿ? ನೀ ಎಲ್ಲಿ ಅಂತಿ..."

ನನ್ನ ಸಿಟ್ಟು ನೆತ್ತಿಗೇರಿತು. "ಮೂವತ್ತು ವರ್ಷ ನಿನ್ನ ಸಲುವಾಗಿ ಆ ಒಣ ಊರಾಗ ಕುಂತೀನಿ! ಒಂದ ಸಲರೆ ಬಾಯಿಬಿಟ್ಟ ಹೇಳಬಾರದೇನ, ನಿನಗ ಏನ ಬೇಕಂತ!"

ಅದು ಸುಳ್ಳು. ವರ್ಗ ಕೇಳಿಕೊಳ್ಳಲು ನಾನೇ ಸೋಮಾರಿತನ ಮಾಡಿದ್ದೆ. ಅಕ್ಕ ಎಂದೂ ನನ್ನನ್ನು ತಡೆದಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ? ಅಕ್ಕ ನೀರಿನಿಂದ ಕಾಲು ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಹೌದವಾ, ನನ್ನಿಂದ ನಿನಗ ತ್ರಾಸ ಆಗೈತಿ," ಎಂದಳು. ಎದ್ದು ಕೋಣೆಯ ಕಡೆ ನಡೆದಳು.

ನನಗೆ ನಾಚಿಕೆಯಾಗಿತ್ತು, ಹಟವೂ ಬಂದಿತ್ತು. ಬೆಳಿಗ್ಗೆ ಹೊರಡುವಾಗ, ಸಾಮಾನು ತೆಗೆದುಕೊಂಡು ಬರುತ್ತೇವೆ, ಕೋಣೆ ನಮಗೇ ಇರಲಿ ಎಂದು ಮನೆಯವಳಿಗೆ ಮಾತು ಕೊಟ್ಟೆ. ಅಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಗಂಗಾವತಿ, ಕೊಪ್ಪಳ ದಾಟಿ ಬಸ್ಸು ಇಟಗಿ ಕ್ರಾಸಿನಲ್ಲಿ ನಿಂತಾಗ ಕಿಟಕಿಯಾಚೆ ಎರೆಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲುದ್ದ ಎದ್ದಿತ್ತು. "ಈ ಸಲ ಬೆಳಿ ಛಲೋ ಐತಿ," ಎಂದಳು ಅಕ್ಕ, ಯಾರಿಗೆ ಹೇಳಿದಳೋ. ನಾನು ಹೊಳೆಯ ಸದ್ದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು ಕಣ್ಣು ಮುಚ್ಚಿದೆ.

ಗಲ್ಲಿಗೆ ಬಂದು ನೋಡಿದರೆ ನಮ್ಮ ಬಾಗಿಲ ಮುಂದೆ ಕೊಡಗಳ ಸಾಲು. ನಮ್ಮವಲ್ಲ. ಒಂದು ನೀಲಿ ಪ್ಲಾಸ್ಟಿಕ್ಕಿನದು, ಒಂದು ಕಂಠ ನೆಗ್ಗಿದ ಸ್ಟೀಲಿನದು, ಒಂದಕ್ಕೆ ಮುಚ್ಚಳವಿಲ್ಲದೆ ಊಟದ ತಾಟು ಮುಚ್ಚಿದ್ದರು. ಎಲ್ಲವೂ ತುಂಬಿದ್ದವು. ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಎದುರು ಮನೆಯಾಕೆ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು.

"ಮೇಡಮ್ಮಾರ, ಕೊಡ ಒಳಗಿಟ್ಟು ಕೀಲಿ ಹಾಕ್ಕೊಂಡ ಹೋಗೀರಲ್ಲ, ಗಲ್ಲ್ಯಾಗ ನಾವೇನ ಸತ್ತಿದ್ವೇನ್ರಿ? ಎರಡ ಸಲ ನಳ ಬಂತು. ದೊಡ್ಡಕ್ಕಾರು ಬಂದ ಕೂಡ್ಲೇ ಏನ ಕುಡೀಬೇಕು?"

ಅವಳ ಮನೆಯಲ್ಲಿ ಆರು ಜನ. ತನ್ನ ಕೊಡ ನಮಗಿಟ್ಟು ಆ ವಾರ ಅವಳು ಹೇಗೆ ನೀಗಿಸಿದಳೋ. ನಾನು ತಲೆ ತಗ್ಗಿಸಿ ಚೀಲದಲ್ಲಿ ಕೀಲಿ ಹುಡುಕತೊಡಗಿದೆ. ಅಕ್ಕ ಮಾತ್ರ, "ಮರತ ಹೋದ್ವಿ ಬಿಡವಾ, ವಯಸ್ಸಾತು," ಎಂದು ನಕ್ಕು, ತಾಟು ಸರಿಸಿ ಒಂದು ಚರಿಗೆ ನೀರು ತುಂಬಿಕೊಂಡಳು.

ಒಳಗೆ ಬಂದ ಮೇಲೆ ನಾನು, "ಅಕ್ಕಾ, ಮರತಿರಲಿಲ್ಲ. ನಾನ ಒಳಗಿಟ್ಟಿದ್ದೆ," ಎಂದೆ.

"ಗೊತ್ತೈತಿ. ಆಟೋದಾಗಿಂದ ನೋಡೀನಿ."

"ನೋಡಿದ್ದಿ? ಮತ್ತ ಯಾಕ ಸುಮ್ಮನ ಕುಂತಿ?"

"ನಿನ್ನ ಜೋಡಿ ಹೊಂಟಿದ್ನಲ್ಲ, ಹುಡುಗಿ. ಇನ್ನೇನ ಹೇಳಬೇಕಿತ್ತು?"

ನಾನು ವರ್ಷವಿಡೀ ಕಾದ "ಹೂಂ" ಅದು. ಕೊಡಗಳು ಒಳಗೆ ಹೋಗುವುದನ್ನು ನೋಡಿಯೂ ಆಟೋದಿಂದ ಇಳಿಯದೆ ಕೂತಾಗಲೇ ಅವಳು ಅದನ್ನು ಕೊಟ್ಟಾಗಿತ್ತು. ಅದನ್ನು ಕೈಯಲ್ಲಿಟ್ಟುಕೊಂಡೇ ನಾನು ಹೊಳೆಯ ದಡದಲ್ಲಿ ಅವಳ ಮೇಲೆ ಹರಿಹಾಯ್ದಿದ್ದೆ. ನಾಲ್ಕು ವರ್ಷದವಳಿದ್ದಾಗ ಅತ್ತ ಹಾಗೆ ಅತ್ತೆ. ಆದರೆ ಆ ಕೊಡಗಳನ್ನು ಮೊದಲು ಕಟ್ಟೆಯ ಮೇಲೆ ಸಾಲಾಗಿ ಇಟ್ಟವಳೂ ಅವಳೇ; ಅವಳ ಮನಸ್ಸು ಯಾವ ಊರಲ್ಲಿದೆ ಎಂದು ಆಗ ನನಗೆ ತಿಳಿಯಿತು.

ನಾಲ್ಕನೆಯ ದಿನ ನಳ ಬಂತು. ನಾನೇ ಮೊದಲು ಎದ್ದೆ. ಎದುರು ಮನೆಯಾಕೆಯ ಕೊಡಗಳನ್ನು ಮೊದಲು ತುಂಬಿಸಿ ಅವಳ ಕಟ್ಟೆಗೆ ಇಟ್ಟು ಬಂದೆ. ಆಮೇಲೆ ಅಕ್ಕನ ತಾಮ್ರದ ಕೊಡ ತಂದು ನಳದ ಕೆಳಗಿಟ್ಟೆ. ಅಕ್ಕ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಸಾಮಾನ ಕಟ್ಟೂದ ಬಿಟ್ಟು ಇದೇನ?"

"ಆನೆಗೊಂದಿಗೆ ಫೋನ್ ಮಾಡೀನಿ. ಬರಂಗಿಲ್ಲ ಅಂತ ಹೇಳೀನಿ."

"ಮತ್ತ ನಿನ್ನ ಹೊಳಿ?" ಎಂದಳು.

"ಹೊಳಿ ಎಲ್ಲಿ ಹೋಗತೈತಿ ಬಿಡು," ಎಂದೆ.

ಅಕ್ಕ ಹೊಸ್ತಿಲಲ್ಲೇ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಗಂಡ ಹೋದಾಗಲೂ ಅವಳು ಹಾಗೆ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನು ಅವಳ ಕಡೆಗೆ ಎರಡು ಹೆಜ್ಜೆ ಹೋದೆ. ಅವಳು ಅಳುತ್ತಲೇ ಕೈಬೀಸಿದಳು.

"ಮೊದಲ ಆ ಕೊಡಾ ತಗಿ, ಹುಡುಗಿ. ನೀರ ಹರದ ಹೋಗಾಕತ್ತೈತಿ."