ನೀರಿನಲ್ಲೇ ಉಳಿದ ದೋಣಿಯವನು

ಒಣಗಿದ ಬೇವಿನ ಎಲೆಯ ವಾಸನೆ ಬಂದರೆ ಸಾಕು, ಧುಪದಾಳದ ನಮ್ಮ ಪಡಸಾಲೆ ನೆನಪಾಗುತ್ತದೆ, ಜೊತೆಗೇ ಸಿಟ್ಟೂ ಬರುತ್ತದೆ. ಜೋಳಕ್ಕೆ ಹುಳು ಹತ್ತದಿರಲೆಂದು ಹಾಕುತ್ತಿದ್ದ ಬೇವಿನ ಎಲೆಯನ್ನೇ ಸಾಲಿ ಮಾಸ್ತರರಾಗಿದ್ದ ನಮ್ಮ ಕಾಕಾ ಒಂದು ಪುಸ್ತಕದ ಹಾಳೆಗಳ ನಡುವೆಯೂ ಇಡುತ್ತಿದ್ದರು. ಹುಕ್ಕೇರಿ ಸಂತೆಯ ರದ್ದಿಯವನ ಹತ್ತಿರ ಕೊಂಡದ್ದು, ಮೊದಲ ಹಾಳೆಗಳು ಹರಿದುಹೋಗಿದ್ದವು. ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಸಣ್ಣ ದೋಣಿಯಲ್ಲಿ ಒಬ್ಬನೇ ಸಮುದ್ರದಿಂದ ಹೊರಟು, ಹರಿವಿಗೆ ಎದುರಾಗಿ, ನದಿಯ ಮೂಲದ ತನಕ ಹೋದ ಮನುಷ್ಯನ ನಿಜವಾದ ಕತೆ. ಅವನು ನೀರುನಾಯಿಗಳ ಬಿಲದ ಪಕ್ಕ ಮಲಗಿದ, ಜ್ವರದಲ್ಲಿ ಬಿದ್ದ, ಹೊಲಸು ನೀರು ಕಂಡಲ್ಲೆಲ್ಲ ಇಳಿದು ಊರವರ ಜೊತೆ ಜಗಳಾಡಿದ. ಹೊಳೆಯನ್ನು ನಮ್ಮದೆಂದು ನೋಡುವುದನ್ನು ನನಗೆ ಕಲಿಸಿದ ಪುಸ್ತಕ ಅದೊಂದೇ. ಸಿಕ್ಕವರಿಗೆಲ್ಲ ಓದಿ ಎನ್ನುತ್ತೇನೆ. "ಮೊಬೈಲದಾಗ ಸಿಗತೈತೇನ್ರಿ?" ಎನ್ನುತ್ತಾರೆ. ಹಣೆ ಹಣೆ ಬಡಿದುಕೊಳ್ಳಬೇಕು.

ನನಗೆ ಈ ಹುಚ್ಚು ಹತ್ತಿದ್ದಕ್ಕೆ ತಪ್ಪು ಕಾಕಾನದೇ. ಶ್ರಾವಣದಲ್ಲಿ ಊರೆಲ್ಲ ಪುರಾಣದ ಓದು ಹಚ್ಚಿದರೆ ಕಾಕಾ ನಮ್ಮ ಪಡಸಾಲೆಯಲ್ಲಿ ಇದನ್ನು ಹಚ್ಚಿದರು. ಓಣಿಯವರು ಇದೂ ಪುರಾಣವೇ ಎಂದು ತಿಳಿದರು. ಊದಿನಕಡ್ಡಿ ಹಚ್ಚಿದರು, ದೋಣಿಯವನಿಗೆ ಕೈ ಮುಗಿದರು. ಪುರಾಣ ಅಂದಮೇಲೆ ನೇಮ ಬೇಕಲ್ಲ? ಓದು ಮುಗಿದು ಮಂಗಳವಾಗುವ ತನಕ ನೀರಿಗೆ ಕಸ ಚೆಲ್ಲುವುದಿಲ್ಲ, ಹಕ್ಕಿಯ ಗೂಡಿಗೆ ಕೈ ಹಾಕುವುದಿಲ್ಲ ಎಂದು ಎಲ್ಲರೂ ನೇಮ ಹಿಡಿದರು. ಎಲ್ಲರಿಗಿಂತ ಗಟ್ಟಿ ಬಾಜೂ ಮನೆಯ ಮಾಬೂಬವ್ವ, ಕೌದಿ ಹೊಲಿಯುತ್ತಿದ್ದಾಕೆ. ಪುರಾಣವನ್ನು ಕತೆಯೊಳಗಿನ ಕೆಟ್ಟ ಗಳಿಗೆಯಲ್ಲಿ ನಿಲ್ಲಿಸಬಾರದೆಂಬ ಪದ್ಧತಿಯನ್ನು ಕಾಕಾ ಮರೆತರೂ ಆಕೆ ಮರೆಯುತ್ತಿರಲಿಲ್ಲ. ದೋಣಿಯವನಿಗೆ ಜ್ವರ ಬಂದ ದಿನ ಕಾಕಾ ಕನ್ನಡಕ ತೆಗೆದು ಪುಸ್ತಕ ಮುಚ್ಚಹೋದರೆ, "ಏನ್ರಿ ಮಾಸ್ತರ, ಅಂವಗ ಆರಾಮ ಆಗೂತನಕ ಮುಚ್ಚಬ್ಯಾಡ್ರಿ," ಎಂದು ಗದರಿಸಿದಳು. ಒಳಗೆ ರೊಟ್ಟಿ ಆರುತ್ತಿದ್ದವು, ನಾನು ಹಸಿದು ಆಕೆಯನ್ನು ಮನಸ್ಸಿನಲ್ಲೇ ಬೈದೆ.

ಒಂದು ಮಧ್ಯಾಹ್ನ ಓದುತ್ತಿದ್ದ ಕತೆಯಲ್ಲಿ ದೋಣಿ ಸುಳಿಗೆ ಸಿಕ್ಕು ಮಗುಚಿತು. ಅದೇ ಹೊತ್ತಿಗೆ ಹೊರಗೆ "ನೀರ ಬಂತು!" ಎಂದು ಕೂಗಿದರು. ಘಟಪ್ರಭೆ ಓಣಿಯೊಳಗೇ ಬಂದಿತ್ತು. ಕಾಕಾ ಹಾಳೆಗೆ ಎಲೆ ಇಟ್ಟು, ಪುಸ್ತಕವನ್ನು ಜೋಳದ ಡಬ್ಬಿಯಲ್ಲಿ ಹಾಕಿ ತಲೆಯ ಮೇಲೆ ಹೊತ್ತರು. ಮೂರು ದಿನದಲ್ಲಿ ಮಣ್ಣಿನ ಗೋಡೆಗಳು ಕುಸಿದವು; ಆ ಪಡಸಾಲೆ, ಆ ಜಂತಿ, ಗೂಟಕ್ಕೆ ತೂಗುತ್ತಿದ್ದ ಕಾಕಾನ ಟೊಪ್ಪಿಗೆ, ಎಲ್ಲ ಹೋದವು. ನಾವು ಗೋಕಾಕಕ್ಕೆ ಬಂದೆವು, ಮಾಬೂಬವ್ವ ಮೂಡಲಗಿಯ ಮಗಳ ಮನೆಗೆ ಹೋದಳು. "ಕೇಳಾವ್ರು ಕೂಡ್ಲಿ, ಆಮ್ಯಾಲ ಓದೂನು," ಎನ್ನುತ್ತ ಕಾಕಾ ವರ್ಷಗಟ್ಟಲೆ ಮುಂದೂಡಿದರು. ಕೇಳುವವರು ಕೂಡಲಿಲ್ಲ, ಕಾಕಾನೇ ಹೋಗಿಬಿಟ್ಟರು. ಆ ಹಟಕ್ಕೆ ಈಗಲೂ ಅವರನ್ನು ಬೈಯುತ್ತೇನೆ, ಬೈಯುತ್ತಲೇ ಕಣ್ಣು ತುಂಬುತ್ತದೆ. ಆಮೇಲೆ ನಾನೊಬ್ಬಳೇ ಪೂರ್ತಿ ಓದಿಕೊಂಡೆ. ಆದರೆ ಒಬ್ಬರೇ ಬಾಯಿ ಮುಚ್ಚಿ ಓದಿದರೆ ಮಂಗಳವಾಗುವುದಿಲ್ಲವಲ್ಲ.

ಹೋದ ತಿಂಗಳು ಮಾಬೂಬವ್ವನ ಮಗಳು ಶಹನಾಜ್ ಫೋನ್ ಮಾಡಿದಳು. "ಅಕ್ಕಾರ, ಅವ್ವಂದು ಅದೇನೋ ನೇಮಾ ಅಂತರಿ. ಹಳ್ಳಕ್ಕ ಯಾರರೆ ಪ್ಲಾಸ್ಟಿಕ್ ಒಗದ್ರ ಬಡಿಗಿ ತಗೊಂಡ ಬಡ್ಯಾಕ ಹೋಗತಾಳ್ರಿ. ದಿನಾ ಜಗಳಾ, ಓಣ್ಯಾಗ ಮಾರಿ ತೋರ್ಸಾಕ ಆಗವಲ್ದು. ನೀವರ ಬಂದು ಆ ಪುಸ್ತಕಾ ಮುಗಸ್ರಿ."

ಹೋದೆ. ಮಾಬೂಬವ್ವನಿಗೆ ಕಣ್ಣು ಮಂದವಾಗಿತ್ತು. ಪುಸ್ತಕವನ್ನು ಮೂಸಿಯೇ ಗುರುತು ಹಿಡಿದಳು. "ಎಷ್ಟ ವರ್ಷಾತ ತಂಗಿ, ಅಂವ ಇನ್ನೂ ನೀರಾಗ ಅದಾನ. ಮೊದಲ ದಂಡಿಗಿ ಹಚ್ಚು," ಎಂದಳು. ಓದಿದೆ. ದೋಣಿಯವನು ಮರದ ಬೇರು ಹಿಡಿದು ದಂಡೆ ಹತ್ತಿದ. ಆಕೆ ದೊಡ್ಡದಾಗಿ ಉಸಿರು ಬಿಟ್ಟಳು. ಉಳಿದದ್ದು ಒಂದೇ ಅಧ್ಯಾಯ. ಶಹನಾಜ್ ಖುಷಿಯಿಂದ ಮಂಗಳಕ್ಕೆಂದು ಸಕ್ಕರೆ ತಂದಿಟ್ಟಳು. ನಾನು ಹಾಳೆ ತಿರುವಬೇಕೆನ್ನುವಷ್ಟರಲ್ಲಿ ಮಾಬೂಬವ್ವ ಕೈ ಅಡ್ಡ ಇಟ್ಟಳು.

"ಸಾಕ ಬಿಡು, ಮಂಗಳಾ ಮಾಡಬ್ಯಾಡ. ಪುಸ್ತಕಾ ಮುಗದ್ರ ನೇಮಾನೂ ಮುಗೀತೈತಿ. ಆಮ್ಯಾಲ ಹಳ್ಳಾ ಯಾರ ಕಾಯತಾರ?"

ಶಹನಾಜ್ ಹಣೆ ಬಡಿದುಕೊಂಡಳು. ನಾನು ಅಂಗಳದ ಬೇವಿನಿಂದ ಒಂದು ಹಸಿ ಎಲೆ ಕಿತ್ತು ತಂದು ಆ ಹಾಳೆಗೆ ಇಟ್ಟೆ. ಕಾಕಾ ಪುಸ್ತಕ ಮುಚ್ಚಹೋದಾಗಲೆಲ್ಲ ಗದರಿಸುತ್ತಿದ್ದಾಕೆ ಅಂದು ತಾನೇ ಮುಚ್ಚಿಸಿದಳು. ಅದನ್ನು ನೋಡಲು ಕಾಕಾ ಇರಲಿಲ್ಲ.