ನನ್ನ ಹೆಸರು ಕೆತ್ತಿದ್ದ ಗಿಟಾರ್

ಆಗುಂಬೆಯ ಹೋಂಸ್ಟೇ ಒಂದರ ಗೋಡೆಯ ಮೇಲೆ ಇವತ್ತು ತಂತಿಯಿಲ್ಲದ ಗಿಟಾರ್ ನೋಡಿದೆ. ಅದರ ಕತ್ತಿನ ಬುಡದಲ್ಲಿ ನನ್ನ ಹೆಸರಿದೆ.

ಸಾಗರದಲ್ಲಿ ಅಪ್ಪ ಮರ ಕೆತ್ತುತ್ತಿದ್ದರು. ಕೆತ್ತಿದ್ದೆಲ್ಲ ಬೇರೆಯವರ ಷೋಕೇಸಿಗೆ ಹೋಗುತ್ತಿತ್ತು. ನಮ್ಮನೆಯ ಗಣಪತಿ ಮಾತ್ರ ಕ್ಯಾಲೆಂಡರಿನಲ್ಲಿದ್ದ. ಗಿಟಾರ್ ಕೇಳಿದಾಗಲೆಲ್ಲ "ಈ ಆರ್ಡರ್ ಮುಗೀಲಿ ಪುಟ್ಟಿ" ಅನ್ನುತ್ತಿದ್ದರು. ಕೇಳುತ್ತಲೇ ನಾನು ಮೂರನೇ ಕ್ಲಾಸಿನಿಂದ ಏಳಕ್ಕೆ ಬಂದೆ.

ಕೊನೆಗೊಂದು ಭಾನುವಾರ ಅದನ್ನು ನನ್ನ ಮಡಿಲಲ್ಲಿಟ್ಟರು. ಪಾಲಿಶ್ ಇನ್ನೂ ಬೆರಳಿಗೆ ಅಂಟುತ್ತಿತ್ತು. ಸಂಜೆಯೊಳಗೆ ಒಂದೇ ತಂತಿಯಲ್ಲಿ ಒಂದು ಹಾಡಿನ ಮೊದಲ ಸಾಲು ಹಿಡಿದಿದ್ದೆ. ಅಷ್ಟರಲ್ಲಿ ಗಂಧದ ಆನೆ ಒಯ್ಯಲು ಬಂದ ಗಿರಾಕಿ ಗಿಟಾರ್ ಕಂಡು, "ನನಗೆ ಇದೇ ಬೇಕು" ಎಂದ.

"ಇದ್ರಲ್ಲಿ ನನ್ನ ಹೆಸರಿದೆ" ಎಂದೆ.

"ಅದಕ್ಕೇ ಚಂದ ಕಾಣ್ತದೆ" ಎಂದು ನಕ್ಕ.

ಅಪ್ಪ ನನ್ನ ಮುಖ ನೋಡಲಿಲ್ಲ. "ಕೊಡೇ. ನಿಂಗೆ ಇನ್ನೊಂದು ಮಾಡ್ಕೊಡ್ತೀನಿ."

ಹಳೇ ಪೇಪರಿನಲ್ಲಿ ಅದನ್ನು ಸುತ್ತಿಕೊಟ್ಟವಳು ನಾನೇ. ಇನ್ನೊಂದು ಬರಲಿಲ್ಲ. ನಾನು ಮತ್ತೆ ಕೇಳಲೂ ಇಲ್ಲ, ಅಪ್ಪ ಸಾಯುವವರೆಗೂ.

ಇವತ್ತು ಕೈ ಚಾಚುವಷ್ಟರಲ್ಲಿ ಹೋಂಸ್ಟೇ ಮಾಲೀಕ ಓಡಿಬಂದ.

"ಮುಟ್ಬೇಡಿ ಮೇಡಂ. ಯಾರೋ ಪುಣ್ಯಾತ್ಮ ಮಗಳಿಗೆ ಅಂತ ಮಾಡಿದ್ದಂತೆ. ಎಷ್ಟು ಪ್ರೀತಿ ಇರ್ಬೇಕು, ನೋಡಿ."