ಮಂಜಿನ ಘಾಟಿನಲ್ಲಿ ಶಾರವ್ವನ ಸಿಳ್ಳೆ

ಕಂಡಕ್ಟರ್ ಶಾರವ್ವ ಎಂದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಿಲ್ಲದವರಿಲ್ಲ. ಗೊತ್ತಿಲ್ಲ ಎನ್ನುವವನು ಒಂದೋ ಪರ ಊರಿನವನು, ಇಲ್ಲವೇ ಟಿಕೆಟ್ ತೆಗೆಸದೆ ಕೂತು ಆಕೆಯ ಕೈಗೆ ಸಿಕ್ಕಿಬಿದ್ದು ಈಗ ಮುಖ ಮುಚ್ಚಿಕೊಳ್ಳುವವನು. ನಾನು ಸವಣೂರಿನ ಮಹಮ್ಮದಗೌಸ. ಆಕೆ ಬಾಗಿಲಲ್ಲಿ ನಿಂತ ಬಸ್ಸನ್ನು ಇಪ್ಪತ್ತು ವರ್ಷ ಓಡಿಸಿದ ಡ್ರೈವರ್. ಆಕೆಯ ಬಗ್ಗೆ ಹೇಳುವ ಹಕ್ಕು ನನಗಿಲ್ಲದಿದ್ದರೆ ಇನ್ಯಾರಿಗಿದೆ?

ನಾನು ಶಾರಕ್ಕ ಎಂದೇ ಕರೆಯುವ ಆಕೆಯ ತವರು ಚಿಕ್ಕೇರೂರು. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟ ಹತ್ತಿ ಹಕ್ಕಿ ಓಡಿಸುವುದೇ ಕೆಲಸ. ನಾಲಿಗೆ ಮಡಚಿ, ಎರಡು ಬೆರಳು ಬಾಯಲ್ಲಿಟ್ಟು ಊದಿದರೆ ಪಕ್ಕದವರ ಹೊಲದ ಹಕ್ಕಿಯೂ ಎದ್ದು ಹೋಗುತ್ತಿತ್ತಂತೆ. ಕಂಡಕ್ಟರ್ ಆದ ಮೇಲೂ ಅದೇ ಚಾಳಿ. ಕೊರಳಲ್ಲಿ ಸರ್ಕಾರಿ ಸೀಟಿ ಸುಮ್ಮನೆ ಜೋತಾಡುತ್ತಿತ್ತು, ಬಸ್ಸು ಓಡುತ್ತಿದ್ದದ್ದು ಬೆರಳಿನ ಸಿಳ್ಳೆಯ ಮೇಲೆ. ಮೊದಮೊದಲು ರಟ್ಟೀಹಳ್ಳಿಯ ಹಿರಿಯರೊಬ್ಬರು, “ಹೆಣ್ಮಗಳು ಬಾಯಾಗ ಬೆರಳ ಇಟ್ಕೊಂಡು ಸಿಳ್ಳಿ ಹೊಡ್ಯೂದು ಛಲೋ ಕಾಣ್ತೈತೇನವಾ?” ಎಂದು ತುಂಬಿದ ಬಸ್ಸಿನಲ್ಲಿ ಕೇಳಿದ್ದರು. “ಸಿಳ್ಳಿ ಹೊಡೀಲಿಲ್ಲಂದ್ರ ಬಸ್ಸು ಹಿಂದ ಬಂದು ನಿಮ್ಮ ಕಾಲ ಮ್ಯಾಲ ಹತ್ತತೈತ್ರೀ ಯಜಮಾನ್ರ. ಯಾವುದು ಬೇಕ್ರಿ?” ಎಂದಿದ್ದಳು ಶಾರಕ್ಕ. ಅವರು ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡರು.

ಹಂಸಭಾವಿಯ ಸಂತೆಯ ದಿನ ಬಸ್ಸು ಹಿಂದಕ್ಕೆ ತೆಗೆಯುವುದೆಂದರೆ ಏನೆಂದು ಓಡಿಸಿದವರಿಗೇ ಗೊತ್ತು. ಮೆಣಸಿನಕಾಯಿ ಚೀಲ, ಕುರಿ, ಕೂಸು, ಕುಡುಕ, ಎಲ್ಲವೂ ಗಾಲಿಯ ಬುಡದಲ್ಲೇ. ನಾನು ಕನ್ನಡಿ ನೋಡುತ್ತಿರಲಿಲ್ಲ. ಸುಳ್ಳಲ್ಲ, ಅಲ್ಲಾನ ಆಣೆ. ಹಿಂದಿನಿಂದ ಸಣ್ಣಸಣ್ಣ ಸಿಳ್ಳೆ ಬರುತ್ತಿರುವವರೆಗೂ ಬಸ್ಸು ಬಿಡುತ್ತಿದ್ದೆ, ಉದ್ದನೆಯದೊಂದು ಬಂದರೆ ಬ್ರೇಕ್ ತುಳಿಯುತ್ತಿದ್ದೆ. ಜಗಳ ನಮ್ಮಿಬ್ಬರಿಗೂ ದಿನಾ ಇತ್ತು, ಚಹಾ ಕುಡಿಯುವುದಕ್ಕೂ ಜಗಳ. ಸಿಳ್ಳೆಯ ವಿಷಯದಲ್ಲಿ ಮಾತ್ರ ನಾನು ಎದುರು ಮಾತಾಡಿದವನಲ್ಲ.

ಅಂಥವಳು ರಿಟೈರ್ ಆಗಿ ಮನೆಗೆ ಹೋದ ಮೇಲೆ ಸೊರಗಿಬಿಟ್ಟಳು. ಒಮ್ಮೆ ನೋಡಲು ಹೋದಾಗ ನನ್ನ ಮುಂದೆ ಕಣ್ಣೀರು ತೆಗೆದಳು. “ಸೊಸಿ ‘ಕುಂದರ್ರಿ ಅತ್ತಿ’ ಅಂತಾಳ. ಮಗ ‘ಕುಂದರವ್ವಾ’ ಅಂತಾನ. ಹಾದಿ ಮ್ಯಾಲ ಹೋಗವ್ರೂ ‘ಆರಾಮ್ ಕುಂದರ್ರಿ’ ಅಂತಾರ. ನಾ ಯಾರಿಗೂ ಬ್ಯಾಡಾದೆ ನೋಡ್ರಿ ಗೌಸಣ್ಣ,” ಎಂದಳು. ನನಗೆ ಸಂಕಟವಾಯಿತು.

ಹೋದ ವರ್ಷ ಹುಬ್ಬಳ್ಳಿಯ ಪ್ರವಾಸದವರೊಬ್ಬರು ಟರ್ಕಿಗೆ ಜನ ಕೂಡಿಸುತ್ತಿದ್ದರು. ಅಲ್ಲಿ ಬೋಲು ಅಂತ ಒಂದು ಜಿಲ್ಲೆ. ಕೆರೆಗಳಿವೆ, ನೆಲದಿಂದಲೇ ಬಿಸಿನೀರು ಏಳುವ ಸ್ನಾನದ ಮನೆಗಳಿವೆ, ಹಳೆಯ ಕಾಲದ ಪೇಟೆಗಳಿವೆ ಎಂದರು. ನಿಂತು ನಿಂತು ಸವೆದ ಶಾರಕ್ಕನ ಮೊಣಕಾಲಿಗೆ ಆ ನೀರು ಒಳ್ಳೆಯದೆಂದು ನನ್ನ ಹೆಂಡತಿಯೇ ಬೆನ್ನುಹತ್ತಿ ಆಕೆಯನ್ನೂ ಗಂಡ ಕರಬಸಪ್ಪನನ್ನೂ ನಮ್ಮ ಜೊತೆ ಹೊರಡಿಸಿದಳು. ಕರಬಸಪ್ಪ ಮಾತು ಕಡಿಮೆಯ ಮನುಷ್ಯ. ವಿಮಾನದಲ್ಲಿ ಬೆಲ್ಟು ಕಟ್ಟಿಕೊಂಡವನು ಇಳಿಯುವವರೆಗೂ ಕಣ್ಣು ಬಿಡಲಿಲ್ಲ.

ಮುದುರ್ನು ಎಂಬ ಹಳೆಯ ಪೇಟೆಗೆ ಹೋದೆವು. ಮರದ ಮನೆಗಳು, ಓಣಿಯ ಮೇಲೆ ಬಾಗಿ ನೋಡುವ ಕಿಟಕಿಗಳು. ಒಂದು ಅಂಗಡಿಯ ಮುದುಕ ನಮ್ಮನ್ನು ಒಳಗೆ ಕರೆದು ಎಲ್ಲರ ಕೈಗೂ ಲಿಂಬೆಯ ವಾಸನೆಯ, ಸ್ಪಿರಿಟ್ ಬೆರೆಸಿದ ಅತ್ತರಿನ ನೀರು ಹಾಕಿದ. ಅದು ಅವರ ಮರ್ಯಾದೆ, ಕೈಗೆ ಸವರಿಕೊಳ್ಳಬೇಕು. ಶಾರಕ್ಕ ಬಲಗೈ ಬಟ್ಟಲು ಮಾಡಿ ಭಕ್ತಿಯಿಂದ ಹಿಡಿದು, ತೀರ್ಥ ಎಂದುಕೊಂಡು ಗುಟುಕರಿಸಿ, ಉಳಿದದ್ದನ್ನು ತಲೆಗೆ ಒರೆಸಿಕೊಂಡಳು. ಮರುಕ್ಷಣ ಮುಖ ಕೆಂಪಡರಿತು. “ಅಯ್ಯ ಶಿವನ, ಗಂಟಲಾ ಸುಟ್ಟತು!” ಎಂದಳು. ಮುದುಕ ನೀರು ತಂದ, ಮೇಲೆ ಸಿಹಿ ಕೊಟ್ಟ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಕೆ ನನ್ನನ್ನು ದುರುಗುಟ್ಟಿ ನೋಡಿದಳು.

ಮಧ್ಯಾಹ್ನ ಅಬಾಂಟ್ ಕೆರೆ. ಸುತ್ತ ಕಾಡು, ನೀರಿನ ಮೇಲೆ ಕಾಡಿನ ನೆರಳು. ಎಲ್ಲರೂ ಬಾಯಿ ತೆರೆದು ನೋಡಿದರೆ ಶಾರಕ್ಕ ಮಾತ್ರ, “ಛಲೋ ಐತಿ. ನಮ್ಮ ಹಾನಗಲ್ಲ ಆನಿಕೆರಿ ತುಂಬಿದಾಗ ಇದಕ್ಕೇನ್ ಕಡಿಮಿ?” ಎಂದು ತೀರ್ಪು ಕೊಟ್ಟಳು. ಎದ್ದು ನಾಲ್ಕು ಹೆಜ್ಜೆ ನಡೆಯಲು ಹೊರಟರೆ, ನಮ್ಮನ್ನು ಕರೆತಂದ ಶಿಗ್ಗಾಂವಿಯ ಹುಡುಗಿ ಸಂಪದಾ ಓಡಿಬಂದಳು. “ಶಾರಕ್ಕಾರ, ಜಾರತೈತ್ರಿ, ಕುಂದರ್ರಿ.” ಶಾರಕ್ಕ ಕುಳಿತಳು. ಆ ಮುಖ ನನಗೆ ನೋಡಲಾಗಲಿಲ್ಲ.

ಅಲ್ಲಿಂದ ಬಿಸಿನೀರಿನ ಊರಿಗೆ ಹೊರಟಾಗ ಮಂಜು ಇಳಿಯಿತು. ನಮ್ಮ ಬಸ್ಸಿನ ಡ್ರೈವರ್ ಹಾಲಿಲ್ ಅಲ್ಲಿಯವನೇ, ಹರೆಯದ ಹುಡುಗ, ಕೈ ಒಳ್ಳೆಯದು. ಡ್ರೈವರನ ಕೈ ನನಗೆ ಗೊತ್ತಾಗುತ್ತದೆ. ಕಾಡಿನೊಳಗಿನ ಸಣ್ಣ ಘಾಟು ಹಿಡಿದಿದ್ದ. ಒಂದು ತಿರುವಿನಲ್ಲಿ ಗಕ್ಕನೆ ನಿಂತ. ಮುಂದೆ ಗುಡ್ಡ ಕುಸಿದು ರಸ್ತೆಯೇ ಇಲ್ಲ. ಮೇಲಿನಿಂದ ಇನ್ನೂ ಒಂದೊಂದೇ ಕಲ್ಲು ಉರುಳುತ್ತಿತ್ತು. ಅಲ್ಲಿ ನಿಲ್ಲುವ ಹಾಗಿಲ್ಲ, ಬಸ್ಸು ತಿರುಗಿಸಲು ಜಾಗವಿಲ್ಲ. ಹಿಂದೆ ಅಗಲವಾದ ಜಾಗ ಸಿಗುವವರೆಗೂ ರಿವರ್ಸ್ ಹೋಗಬೇಕು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಹಿಂದಿನ ಕ್ಯಾಮೆರಾಕ್ಕೆ ರಾಡಿ ಮೆತ್ತಿತ್ತು. ಕನ್ನಡಿಯಲ್ಲಿ ಬರೇ ಬಿಳಿ.

ನಾನೇ ಇಳಿಯೋಣವೆಂದರೆ ಪೊರೆ ಬಂದ ಕಣ್ಣು, ಮಂಜಿನಲ್ಲಿ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಶಾರಕ್ಕ ಎದ್ದು, “ಬಾಗಲಾ ತಗಿಯಪಾ,” ಎಂದಳು. ಹಾಲಿಲ್ ಕೂತುಕೊಳ್ಳಿ ಎಂದು ಕೈ ಮಾಡಿದ. ಕರಬಸಪ್ಪ ಸೆರಗು ಹಿಡಿದೆಳೆದು, “ಕುಂದರ, ಮಾರಾಯ್ತಿ,” ಎಂದ.

“ಇಷ್ಟ ದಿವಸ ಕುಂತೇನಿ. ಸಾಕು,” ಎಂದಳು ಶಾರಕ್ಕ. ಆ ದನಿ ಕೇಳಿ ಕರಬಸಪ್ಪ ಸೆರಗು ಬಿಟ್ಟ.

ಹಾಲಿಲ್ ಕಾಯಲಿಲ್ಲ, ಬಸ್ಸು ಹಿಂದಕ್ಕೆ ಬಿಟ್ಟ. ಸ್ವಲ್ಪ ದೂರ ಸರಿಯಾಗಿಯೇ ಹೋಯಿತು. ಆಮೇಲೆ ಹಿಂದಿನ ಗಾಲಿ ಡಾಂಬರು ಬಿಟ್ಟು ಮೆತ್ತನೆ ಮಣ್ಣಿಗೆ ಇಳಿಯಿತು. ಬಸ್ಸು ಕಣಿವೆಯ ಕಡೆ ವಾಲಿತು. ಹೆಂಗಸರು ಕಿರುಚಿದರು. ಅದೆಲ್ಲವನ್ನೂ ಸೀಳಿಕೊಂಡು ಬಸ್ಸಿನೊಳಗೇ ಒಂದು ಉದ್ದನೆಯ ಸಿಳ್ಳೆ ಎದ್ದಿತು. ಹಾಲಿಲ್‌ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ನನ್ನ ಕಾಲೂ ಖಾಲಿ ನೆಲವನ್ನು ಒತ್ತಿತು, ನಾಚಿಕೆ ಏಕೆ, ಹೇಳಿಬಿಡುತ್ತೇನೆ. ಹಾಲಿಲ್ ತಿರುಗಿ ಆ ಮುದುಕಿಯನ್ನು ನೋಡಿದ. ಆಮೇಲೆ ತಾನೇ ಬಾಗಿಲು ತೆರೆದ.

ಶಾರಕ್ಕ ಮೊಣಕಾಲು ಹಿಡಿದುಕೊಂಡು ಇಳಿದು ಮಂಜಿನಲ್ಲಿ ಮಾಯವಾದಳು. ಹಿಂದಿನಿಂದ ತಗಡಿನ ಮೇಲೆ ಎರಡು ಏಟು ಬಿದ್ದವು. ಮುಂದಕ್ಕೆ ಎಂದು ಅದರ ಅರ್ಥ. ನಾನು ಕೈಸನ್ನೆ ಮಾಡಿ ತೋರಿಸಿದೆ, ಹಾಲಿಲ್ ಬಸ್ಸನ್ನು ಮುಂದೆಳೆದು ಗಾಲಿಯನ್ನು ಡಾಂಬರಿಗೆ ಹತ್ತಿಸಿದ. ಆಮೇಲೆ ಶುರುವಾಯಿತು ಸಿಳ್ಳೆ, ಸಣ್ಣಸಣ್ಣದು, ಒಂದರ ಹಿಂದೆ ಒಂದು. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸಣ್ಣದು ಬಂದಷ್ಟೂ ಹಿಂದಕ್ಕೆ ಬಿಟ್ಟ, ಉದ್ದನೆಯದು ಬಂದರೆ ನಿಂತ.

ನಡುವೆ ಒಮ್ಮೆ ಸಿಳ್ಳೆ ನಿಂತೇಹೋಯಿತು, ಹಾಲಿಲ್ ಬಸ್ಸು ನಿಲ್ಲಿಸಿದ. ಹಿಂದೆ ಏನೋ ಉರುಳಿದ ಸದ್ದು. “ಶಾರಕ್ಕಾ!” ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಕರಬಸಪ್ಪ ಎದ್ದು ಬಾಗಿಲಿಗೆ ಓಡಿದ. ಅಷ್ಟರಲ್ಲಿ ಮಂಜಿನಿಂದ ಬೈಗುಳ ಕೇಳಿತು. “ಗಾಲಿಗಿ ಕಲ್ಲ ಅಡ್ಡ ಬಂದೈತಿ, ತಗ್ಯಾಕತ್ತೇನಿ! ಒದರಬ್ಯಾಡ್ರಿ, ಡ್ರೈವರಗ ನನ್ನ ಸಿಳ್ಳಿ ಕೇಳಸೂದಿಲ್ಲ!” ಜೀವನದಲ್ಲಿ ಆಕೆಯ ಬೈಗುಳ ಅಷ್ಟು ಸಿಹಿಯಾಗಿ ಯಾವತ್ತೂ ಕೇಳಿರಲಿಲ್ಲ.

ಅಗಲವಾದ ಜಾಗ ಸಿಕ್ಕಿತು. ಬಸ್ಸು ತಿರುಗಿತು. ಶಾರಕ್ಕ ಮೊಣಕಾಲವರೆಗೆ ರಾಡಿ ಮಾಡಿಕೊಂಡು ನಡುಗುತ್ತ ಹತ್ತಿದಳು. ನನ್ನ ಹೆಂಡತಿ ತನ್ನ ಶಾಲು ತೆಗೆದು ಹೊದಿಸಿದಳು. ಬಾಯಿಯೇ ಬಿಡದ ಕರಬಸಪ್ಪ ಹಿಂದಿನ ಸೀಟಿನವರ ಕಡೆ ತಿರುಗಿ, “ನಮ್ಮಾಕಿರೀ,” ಎಂದ. ಅವರಿಗೆ ಅದು ಗೊತ್ತೇ ಇತ್ತು, ಆದರೂ ಮತ್ತೊಮ್ಮೆ, “ನಮ್ಮಾಕಿ,” ಎಂದ. ಶಾರಕ್ಕ ತನ್ನ ಸೀಟಿಗೆ ಹೋಗಿ ಕುಳಿತಳು.

ಬಾಗಿಲು ಮುಚ್ಚಿತು. ಎಂಜಿನ್ ಓಡುತ್ತಿತ್ತು. ಹಾಲಿಲ್ ಗೇರಿನ ಮೇಲೆ ಕೈ ಇಟ್ಟಿದ್ದ, ಆದರೆ ಬಸ್ಸು ಬಿಡಲಿಲ್ಲ. ಸಂಪದಾ ಅವರ ಭಾಷೆಯಲ್ಲಿ ಹೋಗೋಣ ಎಂದಳು. ಅವನು ಅಲುಗಲಿಲ್ಲ. ಮತ್ತೆ ಹೇಳಿದಳು. ಅವನು ಒಳಗಿನ ಕನ್ನಡಿಯಲ್ಲಿ ಶಾರಕ್ಕನನ್ನೇ ನೋಡುತ್ತ ಕುಳಿತಿದ್ದ. ಅಷ್ಟೂ ಜನರಲ್ಲಿ ಅವನ ಮನಸ್ಸು ಅರ್ಥವಾದದ್ದು ನನಗೊಬ್ಬನಿಗೆ.

“ಶಾರಕ್ಕಾ, ಅಂವಾ ನಿಮ್ಮ ಸಲುವಾಗಿ ಕಾಯಾಕತ್ತಾನ್ರಿ,” ಎಂದೆ.

ಶಾರಕ್ಕ ಶಾಲು ಸರಿಸಿ ಎದ್ದಳು. ಬಾಗಿಲ ಬಳಿ ಬಂದು ಕಂಬಿ ಹಿಡಿದು ನಿಂತಳು. ಹಿಂದೆ ಒಮ್ಮೆ, ಮುಂದೆ ಒಮ್ಮೆ ನೋಡಿದಳು.

“ರೈಟ್!” ಎಂದಳು.

ಆಗ ಹಾಲಿಲ್ ಬಸ್ಸು ಬಿಟ್ಟ.